ಅಲ್ಫಿಯಾಳ ಐದು ವಾಕ್ಯಗಳು

ಉಣಕಲ್, ಹುಬ್ಬಳ್ಳಿ
ಶನಿವಾರ, ೧೪ ಜೂನ್ ೨೦೨೫

ಪ್ರೀತಿಯ ಕಿರಣಾ,

ನಿನ್ನ ಅಪ್ಪನ ಆಶೀರ್ವಾದ. ಕೆಮ್ಮು ಕಡಿಮೆಯಾಯಿತೇ? ಊಟ ಸರಿಯಾಗಿ ಮಾಡುತ್ತಿಲ್ಲವೆಂದು ನಿನ್ನ ಅತ್ತಿ ಫೋನಿನಲ್ಲಿ ಹೇಳಿದಳು. ರೊಟ್ಟಿಗೆ ಬೆಣ್ಣೆ ಹಚ್ಚಿಕೊಂಡು ಹೊಟ್ಟೆ ತುಂಬ ತಿನ್ನು, ಸಂಕೋಚ ಬೇಡ, ಅದು ನಿಮ್ಮವ್ವನ ತವರುಮನೆ. ನಿಮ್ಮವ್ವನ ಮೊಣಕಾಲು ನೋವು ಇದ್ದಂತೆಯೇ ಇದೆ. ನನ್ನ ಬಿ.ಪಿ. ಮಾತ್ರ ಏರಿದೆ. ಡಾಕ್ಟರರು ಉಪ್ಪು ಕಡಿಮೆ ಮಾಡಿ ಅಂದದ್ದೇ ತಡ, ಅವಳು ಉಪ್ಪಿನಕಾಯಿ ಭರಣಿಯನ್ನು ಕಪಾಟಿನಲ್ಲಿಟ್ಟು ಕೀಲಿ ಹಾಕಿದ್ದಾಳೆ. ರಿಟೈರಾಗಿ ಆರು ವರ್ಷವಾದ ಇಂಗ್ಲಿಷ್ ಮಾಸ್ತರನ ಗತಿ ನೋಡು.

ಫೋನು ಇದ್ದೂ ಕಾಗದ ಯಾಕೆಂದು ಕೇಳಬೇಡ. ಫೋನಿನಲ್ಲಿ ನೀನು ‘ಹೂಂ ಅಪ್ಪಾ, ಆತಪ್ಪಾ’ ಎಂದು ಇಟ್ಟುಬಿಡುತ್ತೀ, ನಾನೂ ಸುಮ್ಮನಾಗುತ್ತೇನೆ. ಮೂರು ತಿಂಗಳು ಹೀಗೇ ಕಳೆದೆವು. ಆದ್ದರಿಂದ ಮೊದಲು ಇದನ್ನು ಬರೆದುಬಿಡುತ್ತೇನೆ. ಮಾರ್ಚ್ ಏಳರ ಸಂಜೆ ತಾರಿಹಾಳದ ರಸ್ತೆಯಲ್ಲಿ ನಮ್ಮ ಕಾರು ಸೈಕಲ್ ಮೇಲೆ ಹೊರಟಿದ್ದ ಒಬ್ಬ ಮನುಷ್ಯನಿಗೆ ಬಡಿಯಿತು. ನೀನು ನಿಲ್ಲಿಸಲಿಲ್ಲ. ಮನೆಗೆ ಬಂದು ‘ಅಪ್ಪಾ, ಅಂವ ಒಮ್ಮೆಲೆ ಅಡ್ಡ ಬಂದಾ’ ಎಂದೆ. ನಾನು ನಿನ್ನ ಕೈಹಿಡಿದು ಅಲ್ಲಿಗೇ ಹೊರಳಿ ಕರೆದೊಯ್ಯಬೇಕಿತ್ತು. ಒಯ್ಯಲಿಲ್ಲ. ಬಂಪರಿಗೆ ಹತ್ತಿದ್ದನ್ನು ನಾನೇ ತೊಳೆದೆ, ಬೇರೆ ಊರಿಗೆ ಹೋಗಿ ಹೆಡ್‌ಲೈಟ್ ಬದಲಿಸಿದೆ, ಮಾವನ ಅಂಗಡಿಯಲ್ಲಿ ಕೆಲಸ ಎಂದು ನಿಮ್ಮವ್ವನಿಗೆ ಹೇಳಿ ನಿನ್ನನ್ನು ವಿಜಯಪುರದ ಬಸ್ಸು ಹತ್ತಿಸಿದೆ. ಆ ಮನುಷ್ಯ ತೀರಿಕೊಂಡ ಸುದ್ದಿ ಮರುದಿನ ಪೇಪರಿನಲ್ಲಿ ಬಂದಿತ್ತು. ಹೆಸರು ಓದುವ ಧೈರ್ಯವಾಗದೆ ಪುಟ ಮಡಚಿಟ್ಟೆ.

ಸುಮ್ಮನೆ ಕುಳಿತರೆ ಆ ಸಂಜೆಯೇ ಕಣ್ಣಮುಂದೆ ಬರುತ್ತಿತ್ತು. ಅದಕ್ಕೇ ಮೇ ತಿಂಗಳಿಂದ ನಮ್ಮ ಪಡಸಾಲೆಯಲ್ಲಿ, ಬ್ಯಾಂಕ್ ಪರೀಕ್ಷೆಗೆ ಓದುವ ಆರು ಹುಡುಗಿಯರಿಗೆ ದಿನಾ ಮುಂಜಾನೆ ಇಂಗ್ಲಿಷ್ ಹೇಳಿಕೊಡುತ್ತಿದ್ದೇನೆ. ಕ್ರಿಯಾಪದಕ್ಕೆ ಬಾಲ ಹತ್ತಿದ ಈ ಫ್ರೇಸಲ್ ವರ್ಬ್ ಎಂದರೆ ಎಲ್ಲರಿಗೂ ಹೆದರಿಕೆ. ಉದ್ದುದ್ದ ಪಟ್ಟಿ ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಮರೆತು ಕೂರುತ್ತಾರೆ. ನನ್ನ ಪದ್ಧತಿ ನಿನಗೆ ಗೊತ್ತೇ ಇದೆ, ವಾರಕ್ಕೆ ಒಂದೇ ಬಾಲ. ಒಂದು ವಾರ ‘ಅಪ್’, ಒಂದು ವಾರ ‘ಔಟ್’. ಆ ಬಾಲ ಹತ್ತಿದ ಐದು ಕ್ರಿಯಾಪದಗಳಿಗೆ ಐದು ವಾಕ್ಯ, ಐದೂ ತಮ್ಮ ಮನೆಯಲ್ಲಿ ನಡೆದದ್ದೇ ಆಗಿರಬೇಕು. ಎಂಟನೆಯ ಇಯತ್ತೆಯಲ್ಲಿ ಓದುತ್ತಿದ್ದಾಗ ನೀನು ‘ವೇಕ್ ಅಪ್’ಗೆ, ದಿನಾ ಐದು ಗಂಟೆಗೆ ಏಳುತ್ತೇನೆ ಎಂದು ಬರೆದಿದ್ದೆ. ಏಳೂವರೆತನಕ ಗೊರಕೆ ಹೊಡೆಯುವ ಗಂಡು ನೀನು! ಕಿವಿ ಹಿಂಡಿ, ಅಳಿಸಿ, ಮತ್ತೆ ಬರೆಸಿದ್ದೆ. ನಿಮ್ಮವ್ವ ಬಾಗಿಲಲ್ಲಿ ನಿಂತು ನಗುತ್ತಿದ್ದಳು.

ಈ ಆರು ಮಂದಿಯಲ್ಲಿ ಅಲ್ಫಿಯಾ ಎಂಬವಳು ಬಲು ಜಾಣೆ. ಬಿ.ಕಾಂ. ಮುಗಿಸಿದ್ದಾಳೆ. ಗೋಪನಕೊಪ್ಪದಿಂದ ನಡೆದೇ ಬರುತ್ತಾಳೆ, ಒಂದು ದಿನವೂ ತಡವಿಲ್ಲ. ಕಳೆದ ವಾರ ‘ಅವೇ’ ಹೇಳಿಕೊಟ್ಟೆ. ಪಾಸ್ ಅವೇ ಎಂದರೆ ತೀರಿಕೊಳ್ಳುವುದು, ಡ್ರೈವ್ ಅವೇ ಎಂದರೆ ಗಾಡಿ ಓಡಿಸಿಕೊಂಡು ಹೊರಟುಹೋಗುವುದು, ಲುಕ್ ಅವೇ ಎಂದರೆ ಮುಖ ತಿರುಗಿಸುವುದು, ಟೇಕ್ ಅವೇ ಎಂದರೆ ಒಯ್ಯುವುದು, ಪುಟ್ ಅವೇ ಎಂದರೆ ಎತ್ತಿಡುವುದು. ಈ ಸೋಮವಾರ ಅವಳು ತನ್ನ ನೋಟಬುಕ್ಕು ತಂದು ನನ್ನ ಮುಂದಿಟ್ಟಳು. ಅವಳ ಐದು ವಾಕ್ಯ ಹೀಗಿದ್ದವು: ‘ನನ್ನ ತಂದೆ ಮಾರ್ಚ್ ಏಳಕ್ಕೆ ತೀರಿಕೊಂಡರು. ಅವರಿಗೆ ಬಡಿದ ಕಾರು ತಾರಿಹಾಳದ ರಸ್ತೆಯಲ್ಲಿ ನಿಲ್ಲದೆ ಹೊರಟುಹೋಯಿತು. ಹಾದುಹೋದ ಜನ ಮುಖ ತಿರುಗಿಸಿದರು. ಸೈಕಲ್ಲನ್ನು ಪೊಲೀಸರು ಒಯ್ದರು. ಅಮ್ಮಿ ಅವರ ಅಂಗಿಗಳನ್ನು ಇನ್ನೂ ಎತ್ತಿಟ್ಟಿಲ್ಲ.’ ಇಷ್ಟು ಬರೆದಿದ್ದಳು, ಇಂಗ್ಲಿಷಿನಲ್ಲಿ, ದುಂಡನೆಯ ಅಕ್ಷರದಲ್ಲಿ. ನಾನು ಮತ್ತೆ ಮೊದಲಿನಿಂದ ಓದತೊಡಗಿದ್ದನ್ನು ಕಂಡು ‘ತಪ್ಪಾತೇನ್ರಿ ಸರ್? ಎಲ್ಲಾ ಖರೇನ ಬರದೇನ್ರಿ’ ಎಂದಳು. ತಪ್ಪೇನಿಲ್ಲ ಎಂದೆ. ಕೆಂಪು ಪೆನ್ನು ತೆಗೆದುಕೊಂಡು ಐದಕ್ಕೂ ಸರಿ ಗುರುತು ಹಾಕಿ ಕೆಳಗೆ ಸಹಿ ಮಾಡಿದೆ, ಕಿರಣಾ. ಮೂವತ್ತೆರಡು ವರ್ಷದ ಮಾಸ್ತರಿಕೆಯಲ್ಲಿ ಇಂಥ ನೀಚ ಕೆಲಸ ನಾನು ಮಾಡಿರಲಿಲ್ಲ.

ತಡೆಯಲಾರದೆ ಬುಧವಾರ ಅವರ ಮನೆಗೆ ಹೋದೆ. ತಂದೆಯ ಹೆಸರು ದಸ್ತಗೀರಸಾಬ, ತಾರಿಹಾಳದ ಒಂದು ವರ್ಕಶಾಪಿನಲ್ಲಿ ಲೇಥ್ ಯಂತ್ರ ನಡೆಸುತ್ತಿದ್ದನಂತೆ. ಹೆಂಡತಿ ನೂರಜಹಾನ, ಮಗಳ ಮಾಸ್ತರರು ಬಂದರೆಂದು ಚಹಾಕ್ಕೆ ಸಕ್ಕರೆ ಜಾಸ್ತಿ ಹಾಕಿ ಕೊಟ್ಟಳು. ಗೋಡೆಯ ಮೊಳೆಗೆ ಎರಡು ನೀಲಿ ಅಂಗಿ ತೂಗುತ್ತಿದ್ದವು, ಒಂದರ ಜೇಬಿಗೆ ಎಣ್ಣೆಯ ಕಲೆ. ಆತ ಮುಕ್ಕಾಲು ತಾಸು ರಸ್ತೆಯ ಮೇಲೇ ಬಿದ್ದಿದ್ದನಂತೆ, ಜೀವ ಇತ್ತಂತೆ. ‘ತಪ್ಪು ಯಾರ ಕೈಲಾದ್ರೂ ಆಗತೈತ್ರಿ ಮಾಸ್ತರ್ರ. ನಾವೇನ ಬೈತಿದ್ದಿಲ್ರಿ. ಗಾಡಿ ನಿಲ್ಲಿಸಿದ್ರ ಸಾಕಿತ್ರಿ, ಬದಕತಿದ್ರು’ ಎಂದಳು. ಹೇಳಬೇಕೆಂದೇ ಹೋದವನು ಚಹಾ ಕುಡಿದು ಎದ್ದುಬಂದೆ. ಮುಕ್ಕಾಲು ತಾಸು ಕಣೋ! ನೀನು ಮನೆ ಮುಟ್ಟಿದ್ದು ಕಾಲು ತಾಸಿನಲ್ಲಿ. ಆಗಲೇ ನಾನು ಎದ್ದು ಹೊರಟಿದ್ದರೆ, ಒಂದು ಫೋನನ್ನಾದರೂ ಮಾಡಿದ್ದರೆ, ಇನ್ನೂ ಹೊತ್ತಿತ್ತು. ಆ ಅರ್ಧ ತಾಸಿನ ಪಾಪ ನಿನ್ನದಲ್ಲ, ನನ್ನದು.

ನಿನ್ನ ಮೇಲೆ ನನಗೆ ಸಿಟ್ಟಿಲ್ಲ. ಇಪ್ಪತ್ತಾರರ ಹುಡುಗ ಹೆದರಿ ಓಡಿಬಂದ. ಅರವತ್ತಾರರ ಮುದುಕ ಕೂತು ವಿಚಾರ ಮಾಡಿ ಮುಚ್ಚಿಟ್ಟ. ನೀನು ಈಗ ಯಾವ ಗಾಡಿಯಲ್ಲೂ ಕೂಡಲು ಒಲ್ಲೆ ಎನ್ನುತ್ತೀಯಂತೆ, ಬಿಸಿಲಲ್ಲಿ ನಡೆದೇ ಅಂಗಡಿಗೆ ಹೋಗುತ್ತೀಯಂತೆ. ಅತ್ತಿ ಹೇಳಿ ನಕ್ಕಳು, ಪಾಪ, ಅವಳಿಗೇನು ಗೊತ್ತು. ನಿನ್ನನ್ನು ಉಳಿಸಿದೆ ಅಂದುಕೊಂಡಿದ್ದೆ, ಉಳಿಸಿಲ್ಲ. ಮನೆಗೆ ಬಾ. ಯಾರೂ ಹಿಡಿದು ತರುವ ಮೊದಲು ನಿನ್ನ ಕಾಲಿನಿಂದಲೇ ನಡೆದು ಬಾ. ಮುಂದೆ ಏನಾಗುವುದೋ ನನಗೆ ತಿಳಿಯದು, ಏನಾದರೂ ನಾನು ನಿನ್ನ ಪಕ್ಕದಲ್ಲಿರುತ್ತೇನೆ.

ಮಾವನಿಗೂ ಅತ್ತಿಗೂ ನನ್ನ ಶರಣು ಹೇಳು. ಬಸವಣ್ಣ ನಿನಗೆ ಧೈರ್ಯ ಕೊಡಲಿ.

ನಿನ್ನ ಅಪ್ಪ,
ಶಂಭುಲಿಂಗ

ತಾ.ಕ.: ಮೇಲಿನದು ಮುಂಜಾನೆ ಬರೆದದ್ದು. ಈಗ ಮಧ್ಯಾಹ್ನ ಎರಡೂವರೆ. ನಮ್ಮ ಓಣಿಯ ಮಡಿವಾಳಪ್ಪ ವಿಜಯಪುರಕ್ಕೆ ಹೊರಟಿದ್ದಾನೆ, ಕಾಗದ ಅವನ ಕೈಯಲ್ಲೇ ಕೊಡುತ್ತೇನೆ. ಬಾಗಿಲಲ್ಲಿ ನಿಂತು ‘ಲಗೂ ಮಾಡ್ರಿ ಕಾಕಾ’ ಅನ್ನುತ್ತಿದ್ದಾನೆ. ನಿಮ್ಮವ್ವನಿಗೆ ಎಲ್ಲ ಹೇಳಿದೆ. ದೇವರ ಕೋಣೆಯಲ್ಲಿ ಕುಳಿತವಳು ಇನ್ನೂ ಎದ್ದಿಲ್ಲ. ಗೋಪನಕೊಪ್ಪಕ್ಕೂ ಹೋಗಿ ಹೇಳಿದೆ. ಅಲ್ಫಿಯಾ ನನ್ನನ್ನೇ ನೋಡುತ್ತ ನಿಂತಳು, ನೂರಜಹಾನ ಬಾಗಿಲು ಹಾಕಿಕೊಂಡಳು. ಅಲ್ಲಿಂದ ಸೀದಾ ಪೊಲೀಸ್ ಠಾಣೆಗೆ ಹೋಗಿ ನಾನು ಮಾಡಿದ್ದನ್ನೆಲ್ಲ ಬರೆದುಕೊಟ್ಟು ಬಂದೆ. ಗಾಡಿ ಓಡಿಸಿದವರು ಯಾರು ಎಂದು ಇನ್ಸ್‌ಪೆಕ್ಟರ್ ಎರಡು ಸಲ ಕೇಳಿದರು. ಅದನ್ನು ಹೇಳುವವನು ಸೋಮವಾರ ತಾನಾಗಿಯೇ ಬರುತ್ತಾನೆ ಎಂದೆ.