ದಿಲ್ಲಿ ಲೈನಿನ ಕೊನೆಯ ಮಾತು

೨೫ ಆಗಸ್ಟ್ ೧೯೪೭
ಇವತ್ತೂ ಹಲಸೂರಿನಿಂದ ನಡೆದೇ ಟೆಲಿಫೋನ್ ಎಕ್ಸ್‌ಚೇಂಜ್‌ಗೆ ಹೋದೆ. ಹಳೆಯ ಮೇಡಂ ಹಡಗು ಹತ್ತಿ ಇಂಗ್ಲೆಂಡಿಗೆ ಹೋದ ಮೇಲೆ ಸೂಪರ್‌ವೈಸರ್ ಕುರ್ಚಿ ನನ್ನದು. ಸದ್ಯಕ್ಕೆ ಟೆಂಪರರಿ. ಇಷ್ಟು ವರ್ಷ ಪಕ್ಕದಲ್ಲೇ ಕೂತು ಕಾಲ್ ಜೋಡಿಸುತ್ತಿದ್ದ ಮಂಜುಳ ಈಗ ನಾನು ಬಂದರೆ ಮಾತು ನಿಲ್ಲಿಸುತ್ತಾಳೆ.
"ಯಾಕೆ ಹೀಗಾಡ್ತೀಯ?"
"ಏನಿಲ್ಲ ಮೇಡಂ."
ಮೇಡಂ ಅಂತೆ.

೬ ಸೆಪ್ಟೆಂಬರ್
ದಿಲ್ಲಿಯಲ್ಲಿ ಗಲಭೆ. ಟ್ರಂಕ್ ಲೈನ್ ಸಿಗುವುದೇ ಕಷ್ಟ. ಸರ್ಕಾರಿ ಕಾಲ್ ಮೊದಲು—ಮ್ಯಾನೇಜರ್ ಆರ್ಡರ್. ರಸೆಲ್ ಮಾರುಕಟ್ಟೆ ಹತ್ತಿರದ ಅತ್ತರ್ ಅಂಗಡಿಯಿಂದ ಶರ್ಫುನ್ನೀಸಾ ಎಂಬವರು ದಿನವೂ ಬುಕ್ ಮಾಡುತ್ತಾರೆ. ಮಗಳು ತಾಹೇರಾ ದಿಲ್ಲಿಯಲ್ಲಿದ್ದಾಳೆ.
"ಸಿಕ್ತಾ ಬೇಟಿ?"
"ಇಲ್ಲಮ್ಮ."
"ಪರವಾಗಿಲ್ಲ, ನಾಳೆ ಮಾಡ್ತೀನಿ."

೯ ಸೆಪ್ಟೆಂಬರ್, ಮಧ್ಯಾಹ್ನ
ಸಿಕ್ಕಿತು. ತಾಹೇರಾ "ಅಮ್ಮೀ" ಎಂದಳು. ತಾಯಿ ಅಳತೊಡಗಿದರು. ಅಷ್ಟರಲ್ಲಿ ಸರ್ಕಾರಿ ಕಾಲ್. ಮ್ಯಾನೇಜರ್ ಬೆನ್ನ ಹಿಂದೆಯೇ ನಿಂತಿದ್ದರು. "ಕಟ್ ಮಾಡಿ." ಮಂಜುಳ ಕೈ ಹಿಂದಕ್ಕೆ ತೆಗೆದುಕೊಂಡಳು.
"ನನ್ನ ಕೈಲಾಗಲ್ಲ. ನೀವೇ ಮಾಡಿ ಮೇಡಂ."
ಮಾಡಿದೆ. ತಾಯಿಯ ಕಡೆಯ ಪ್ಲಗ್ ಎಳೆದೆ. ದಿಲ್ಲಿ ಇನ್ನೂ ನನ್ನ ಕಿವಿಯಲ್ಲಿತ್ತು... ಕಟ್ ಆದದ್ದು ಆ ಹುಡುಗಿಗೆ ಗೊತ್ತಿಲ್ಲ. ದಖನಿ ಉರ್ದುವಿನಲ್ಲಿ ಹೇಳುತ್ತಲೇ ಇದ್ದಳು—ಹಳೇ ಕೋಟೆ ಕ್ಯಾಂಪಿಗೆ ಹೋಗ್ತಿದೀವಿ ಅಮ್ಮೀ, ಅಲ್ಲಿಗೇ ಅಕ್ತರ್ ಭಾಯ್‌ನ ಕಳಿಸು. ಅಮ್ಮೀ? ಕೇಳಿಸ್ತಾ?
ಆಮೇಲೆ ಸರ್ಕಾರಿ ಕಾಲ್ ಕೊಟ್ಟೆ. ಯಾರದೋ ಪಿಯಾನೋ ರೈಲಿಗೆ ಹಾಕಿಸುವ ವಿಷಯ.

೧೦ ಸೆಪ್ಟೆಂಬರ್
ಲೈನಿನಲ್ಲಿ ಕೇಳಿದ್ದನ್ನು ಹೊರಗೆ ಹೇಳಿದರೆ ಕೆಲಸ ಹೋಗುತ್ತದೆ. ಬೆಳಿಗ್ಗೆ ಶರ್ಫುನ್ನೀಸಾ ಮತ್ತೆ ಬುಕ್ ಮಾಡಿದರು.
"ನಿನ್ನೆ ಕಟ್ಟಾಗಿದ್ದು ನಿಂದು ಏನು ತಪ್ಪು ಬೇಟಿ, ಮಿಷೀನ್ ಅಲ್ವಾ."
ಹೌದು ಎಂದೆ.

೨೮ ಸೆಪ್ಟೆಂಬರ್
ದಿಲ್ಲಿಯ ಆ ನಂಬರು ಎತ್ತುವವರಿಲ್ಲ. ಅಡುಗೆಮನೆಯಿಂದ ಅಮ್ಮ ಕೂಗಿದರೂ ಆ ಹುಡುಗಿಯ ದನಿಯೇ. ನಲ್ಲಿ ಬಿಟ್ಟರೂ ಅದೇ. ಆಪರೇಟರ್‌ಗಳು ನನಗೆ ಹೆದರುತ್ತಾರೆ. ಕೆಲಸ ಸಲೀಸಾಗಿದೆ. "ಲೀಡರ್ ಅಂದ್ರೆ ಹೀಗಿರ್ಬೇಕು" ಎಂದರು ಮ್ಯಾನೇಜರ್.

೧೧ ಅಕ್ಟೋಬರ್
ಸೂಪರ್‌ವೈಸರ್ ಕೆಲಸ ಕನ್ಫರ್ಮ್ ಆಯಿತು. ಅಮ್ಮ ಪಾಯಸ ಮಾಡಿದಳು. ಒಂದು ಚಮಚ ತಿಂದು ಬಟ್ಟಲು ಪಕ್ಕಕ್ಕಿಟ್ಟೆ.

೧೩ ಅಕ್ಟೋಬರ್, ಸಂಜೆ
ಶರ್ಫುನ್ನೀಸಾ ಎಕ್ಸ್‌ಚೇಂಜ್‌ಗೇ ಬಂದರು, ಮಗ ಅಕ್ತರ್ ಜೊತೆ. ಇಷ್ಟು ಸಣ್ಣ ಹೆಂಗಸೆಂದು ಅಂದುಕೊಂಡಿರಲಿಲ್ಲ. ನನ್ನ ದನಿ ಗುರುತು ಹಿಡಿದರು.
"ಇವನು ದಿಲ್ಲಿಗೆ ಹೊರಟಿದಾನೆ. ಎಲ್ಲಿ ಅಂತ ಹುಡುಕ್ತಾನೆ? ಆವತ್ತು ತಾಹೇರಾ ಇನ್ನೇನಾದ್ರೂ ಹೇಳಿದ್ಲಾ ಬೇಟಿ?"
ಮ್ಯಾನೇಜರ್ ರೂಮಿನ ಬಾಗಿಲು ತೆರೆದೇ ಇತ್ತು.
"ಹೇಳಿದ್ಲಮ್ಮ" ಎಂದೆ. ಕೋಟೆಯ ವಿಷಯ ಎಲ್ಲ ಹೇಳಿದೆ. ಅಕ್ತರ್ ನನ್ನ ಮುಖವನ್ನೇ ನೋಡಿದ, ರೈಲ್ವೆ ಸ್ಟೇಷನ್ ಕಡೆ ಓಡಿದ. ನಾಳೆ ಬೆಳಿಗ್ಗೆ ಬಂದು ಕಾಣಬೇಕಂತೆ, ಮ್ಯಾನೇಜರ್ ಹೇಳಿ ಕಳಿಸಿದರು. ಅದಿರಲಿ.
ಆಕೆ ನನ್ನ ಕೈ ಹಿಡಿದುಕೊಂಡೇ ನಿಂತಿದ್ದರು. ಮಗಳ ದನಿ ಹೇಗಿತ್ತು, ಅಳ್ತಿದ್ಲಾ, ಅಷ್ಟೇ ಕೇಳಿದರು. ಒಂದು ತಿಂಗಳು ಯಾಕೆ ಸುಮ್ಮನಿದ್ದೆ ಎಂದು ಕೇಳಲಿಲ್ಲ. ಕೇಳಿದ್ದರೆ, ಪ್ಲಗ್ ಎಳೆದದ್ದು ಮಿಷೀನ್ ಅಲ್ಲ, ನಾನೇ ಎಂದೂ ಹೇಳಬೇಕಾಗುತ್ತಿತ್ತು.