ತಮ್ಮನ ಪೆಟ್ಟಿಗೆಯಲ್ಲಿ ಇನ್ನೊಬ್ಬ

ಸುಚಿತೊತೊ, ಎಲ್ ಸಾಲ್ವಡಾರ್, 1984

ಕ್ಯಾಪ್ಟನ್ ಅವರಿಗೆ,

ಹೋದವರು ಮನೆಯ ದಾರಿ ಮರೆಯುತ್ತಾರೆ ಎಂದು ಯಾವುದೋ ಕವಿತೆಯಲ್ಲಿತ್ತು. ಈಗ ಒಪ್ಪಲಾರೆ. ನಿಮ್ಮ ತುಕಡಿಯ ಹೆಲಿಕಾಪ್ಟರ್ ಬಿದ್ದು ಸತ್ತನೆಂದು ನೀವು ಮುಚ್ಚಿದ ಪೆಟ್ಟಿಗೆಯಲ್ಲಿ ಕಳಿಸಿದ ನನ್ನ ತಮ್ಮ ಎವೆಲಿಯೊ, ತನ್ನದೇ ಆತ್ಮಶಾಂತಿಯ ಒಂಬತ್ತು ದಿನಗಳ ಪ್ರಾರ್ಥನೆಯ ನಡುವೆ ಮನೆಗೆ ನಡೆದುಬಂದ. ಹೊಟ್ಟೆ ಕೆಟ್ಟು ಪೊದೆಯ ಹಿಂದೆ ಕೂತಿದ್ದಾಗ ಹೆಲಿಕಾಪ್ಟರ್ ಅವನನ್ನು ಬಿಟ್ಟು ಹಾರಿಹೋಗಿತ್ತಂತೆ.

ಜಪಮಾಲೆ ಹಿಡಿದಿದ್ದ ನಮ್ಮ ಸೋದರತ್ತೆ, "ಮೊದ್ಲು ಜಪ ಮುಗೀಲಿ, ಆಮೇಲೆ ಬದುಕಿರುವಿಯಂತೆ. ಕೂತ್ಕೋ" ಎಂದು ಗದರಿದರು. ತನ್ನ ಸಾವಿಗೆ ಬೇಯಿಸಿದ ತಮಾಲೆ ಕಡುಬುಗಳನ್ನು ತಿನ್ನುತ್ತಿದ್ದವನು, "ನನ್ ಜಾಗದಲ್ಲಿ ಯಾರ್ ಕೂತ್ರೋ" ಎಂದು ತಟ್ಟೆ ಸರಿಸಿದ.

ನಾವು ಹೂಳಿದ ಹುಡುಗನ ಹೆಸರು ದಯವಿಟ್ಟು ತಿಳಿಸಿ. ಅವನ ತಾಯಿ ಕಾಯುತ್ತಿರಬಹುದು. ನಮ್ಮಮ್ಮ ಈಗ ಆ ಹುಡುಗನಿಗಾಗಿ ಪ್ರಾರ್ಥನೆ ಮುಂದುವರಿಸಿದ್ದಾರೆ, ನಿಲ್ಲಿಸಲು ಬಿಡುತ್ತಿಲ್ಲ.

ಇಂತಿ,
ಒಟಿಲಿಯಾ

ಮರೆತಿದ್ದೆ: ದಿನವೂ ಪ್ರಾರ್ಥನೆಗೆ ಬಂದು ಅಳುವ ನೆರೆಮನೆಯ ತೊಮಾಸಾ ಇಂದೂ ಬಾಗಿಲಲ್ಲಿ ನಿಂತು ಕೇಳಿದರು, "ಅವನ ಹೆಸರು ಬಂತೇನೆ? ಹೆಸರಿಲ್ದೆ ನಂಗೆ ಸರಿಯಾಗಿ ಅಳೋಕಾಗ್ತಿಲ್ಲ."