ಕುಂಕುಮ ಹಚ್ಚಿದ ಇ-ಸಿಮ್

ಹರಿಹರ
೨ ನವೆಂಬರ್ ೨೦೨೫, ಭಾನುವಾರ

ಪ್ರೀತಿಯ ತಂಗಿ ರೇವತಿಗೆ,

ನಿನ್ನ ಅಕ್ಕ ಅಂಬಿಕಾ ಬರೆಯುತ್ತಿದ್ದೇನೆ. ಕಾಗದ ತಡವಾಯಿತು, ಕ್ಷಮಿಸು ಎಂದು ಶುರು ಮಾಡುವುದು ವಾಡಿಕೆ. ಒಂದು ವರ್ಷ ಹತ್ತು ತಿಂಗಳ ತಡಕ್ಕೆ ಆ ಮಾತು ಸಾಲುವುದಿಲ್ಲ, ಆದರೆ ಬೇರೆ ಮಾತೂ ನನ್ನಲ್ಲಿಲ್ಲ. ಕ್ಷಮಿಸು. ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯಬೇಕು. ಎಲ್ಲರೂ ಅಂದರೆ ಈಗ ನಾನೊಬ್ಬಳೇ, ಎಡ ಮೊಣಕಾಲೊಂದನ್ನು ಬಿಟ್ಟರೆ ಕ್ಷೇಮ. ನೀನು, ವಿಜಯಕುಮಾರ್, ಕೀರ್ತನಾ ಚೆನ್ನಾಗಿದ್ದೀರಿ ಎಂದುಕೊಂಡಿದ್ದೇನೆ. ಕೀರ್ತನಾ ಪಿಯುಸಿಗೆ ಯಾವ ವಿಷಯ ತೆಗೆದುಕೊಂಡಳು ಎಂಬುದು ಕೂಡ ನನಗೆ ಗೊತ್ತಿಲ್ಲ, ನೋಡು.

ಹರಿಹರದಿಂದ ದಾವಣಗೆರೆಗೆ ಹದಿನಾಲ್ಕು ಕಿಲೋಮೀಟರ್. ಅಷ್ಟು ದೂರಕ್ಕೆ ಅಂಚೆಚೀಟಿ ಅಂಟಿಸುವವಳು ಯಾರಪ್ಪ ಎಂದು ಪೋಸ್ಟಾಫೀಸಿನವರು ಅಂದುಕೊಳ್ಳಬಹುದು. ನಾನೇನು ಮಾಡಲಿ? ನಿನಗೆ ಫೋನ್ ಮಾಡಿದರೆ ಅರ್ಧ ರಿಂಗಾಗಿ ಕಡಿದುಹೋಗುತ್ತದೆ. ಮೊದಮೊದಲು ಸಿಗ್ನಲ್ ಸರಿಯಿಲ್ಲ ಎಂದುಕೊಂಡಿದ್ದೆ. ನಮ್ಮ ಶಾಲೆಯ ನಿಖತ್ ಟೀಚರ್ ಒಂದು ದಿನ ನನ್ನ ಫೋನ್ ಇಸಿದುಕೊಂಡು ನೋಡಿ, "ಟೀಚರ್, ನಿಮ್ ನಂಬರ್ ಬ್ಲಾಕ್ ಮಾಡ್ಯಾರ್ರಿ" ಅಂದರು. ಅಂಥದೊಂದು ಸೌಲಭ್ಯ ಇದೆ ಎಂದು ನನಗೆ ಗೊತ್ತಾಗಿದ್ದೇ ಅವತ್ತು. ಅದಕ್ಕೇ ಈ ಕಾಗದ. ಉತ್ತರ ಬರೆಯದಿದ್ದರೂ ಸರಿ, ಕೊನೆಯ ಸಾಲಿನವರೆಗೆ ಓದು. ಇನ್ನು ಮುಂದೆ ನೀನು ನನ್ನ ಜೊತೆ ಮಾತಾಡುತ್ತೀಯೋ ಇಲ್ಲವೋ ಎಂಬುದು ಆ ಕೊನೆಯ ಸಾಲುಗಳ ಮೇಲೆ ನಿಂತಿದೆ.

ಸುದ್ದಿ ಏನೆಂದರೆ, ನಾನು ವಿಯೆಟ್ನಾಂಗೆ ಹೋಗುತ್ತಿದ್ದೇನೆ. ನಗಬೇಡ. ಮೇ ತಿಂಗಳಲ್ಲಿ ನಿವೃತ್ತಿಯಾಯಿತು. ಶಾಲು ಹೊದಿಸಿ, ಹಾರ ಹಾಕಿ, ಗೋಡೆ ಗಡಿಯಾರ ಕೊಟ್ಟು ಕಳಿಸಿದರು. ಆಮೇಲೆ ಐದು ತಿಂಗಳು ಆ ಗಡಿಯಾರವನ್ನೇ ನೋಡುತ್ತಾ ಕೂತಿದ್ದೆ. ಅವ್ವ ಇದ್ದಾಗ ಆರಕ್ಕೆ ಮಾತ್ರೆ, ಎಂಟಕ್ಕೆ ಗಂಜಿ, ಶಾಲೆಯಿಂದ ಬಂದೊಡನೆ ಮಗ್ಗುಲು ಬದಲಿಸುವುದು ಎಂದು ದಿನಕ್ಕೊಂದು ಟೈಮ್ ಟೇಬಲ್ ಇತ್ತು. ಈಗ ಒಂದು ಲೋಟ ಚಹಾ ಮಾಡಿಕೊಂಡರೆ ಅದನ್ನು ಕುಡಿಯಲು ಮರೆತು ಮತ್ತೊಂದು ಮಾಡಿಕೊಳ್ಳುತ್ತೇನೆ. ನಿಖತ್ ಟೀಚರ್ ಬಂದು, "ಗ್ವಾಡಿ ನೋಡ್ಕೊಂತ ಕುಂತಿದ್ದು ಸಾಕು, ನಮ್ ಜೊತಿ ಬರ್ರಿ. ನೀವು ಸೇರಿ ಹನ್ನೆರಡು ಮಂದಿ ಟೀಚರ್ಸ್ ಆಗ್ತೀವಿ" ಎಂದು ಒತ್ತಾಯ ಮಾಡಿದರು. ಹನ್ನೊಂದನೇ ತಾರೀಕು ಹೊರಟು ಹದಿನೆಂಟಕ್ಕೆ ವಾಪಸ್ಸು.

ಪಾಸ್‌ಪೋರ್ಟ್, ವೀಸಾ, ಸ್ವೆಟರ್ ಯಾವುದಕ್ಕೂ ನಾನು ತಲೆ ಕೆಡಿಸಿಕೊಳ್ಳಲಿಲ್ಲ. ತಲೆ ಕೆಟ್ಟಿದ್ದು ಫೋನಿಗೆ. ಸಿಮ್ ಅಂದರೆ ಉಗುರಿನಷ್ಟು ಚೂರು ಎಂದು ನಾನು ತಿಳಿದಿದ್ದೆ. ಈಗ ಅದೂ ಇಲ್ಲವಂತೆ. ದುಡ್ಡು ಕಟ್ಟಿದರೆ ಕಪ್ಪು ಬಿಳುಪಿನ ಒಂದು ಚೌಕದ ಚಿತ್ರ ಕಳಿಸುತ್ತಾರೆ, ಫೋನು ಅದನ್ನು ಕ್ಯಾಮೆರಾದಿಂದ ನೋಡಿದರೆ ಒಳಗೇ ಸಿಮ್ ಬಂದು ಕೂರುತ್ತದೆ. ಇ-ಸಿಮ್. ನಿನಗೆ ಇದನ್ನು ಹೇಳಿಕೊಡುವ ಅಗತ್ಯವಿಲ್ಲ. ನನ್ನ ಹಳೇ ಫೋನಿಗೆ ಆ ಯೋಗ್ಯತೆ ಇಲ್ಲ ಅಂದರು, ಹೊಸದು ಕೊಂಡೆ.

ಕೊಡುವ ಕಂಪನಿಗಳು ಒಂದೆರಡಲ್ಲ. ಮೂವತ್ತೆಂಟು ವರ್ಷ ಉತ್ತರ ಪತ್ರಿಕೆ ತಿದ್ದಿದವಳು ಸುಮ್ಮನೆ ಬಿಡುತ್ತೇನೆಯೇ? ಹಳೇ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು, ಕೆಂಪು ಪೆನ್ನು ಹಿಡಿದು, ಆರು ಕಂಪನಿಗಳಿಗೆ ಇಪ್ಪತ್ತೈದಕ್ಕೆ ಅಂಕ ಹಾಕಿದೆ. ಒಂದರ ಬೆಲೆ ತೀರಾ ಕಡಿಮೆ, ಆದರೆ ನಾಲ್ಕನೇ ದಿನಕ್ಕೆ ಡೇಟಾ ಖಾಲಿ. ಇನ್ನೊಂದು ಮಿತಿಯೇ ಇಲ್ಲ ಎಂದು ದೊಡ್ಡದಾಗಿ ಹೇಳಿ, ಕೆಳಗೆ ಇರುವೆಯಷ್ಟು ಅಕ್ಷರದಲ್ಲಿ ದಿನಕ್ಕೆ ಇಷ್ಟಾದ ಮೇಲೆ ನಿಧಾನ ಎಂದು ಬರೆದಿದೆ. ಅದಕ್ಕೆ ‘ಅಕ್ಷರ ದುಂಡಗಿದೆ, ಉತ್ತರ ತಪ್ಪು’ ಎಂದು ಷರಾ ಬರೆದು ಒಂಬತ್ತು ಕೊಟ್ಟೆ. ಮತ್ತೊಂದು ಮನೆಯಲ್ಲೇ ಸಿಮ್ ಹಾಕಿಕೊಂಡ ಗಳಿಗೆಯಿಂದ ದಿನ ಎಣಿಸಲು ಶುರು ಮಾಡುತ್ತದೆ, ವಿಮಾನ ಹತ್ತುವಷ್ಟರಲ್ಲಿ ಅರ್ಧ ಮುಗಿದಿರುತ್ತದೆ. ನನ್ನ ಪಟ್ಟಿಯನ್ನು ನೋಡಿ ಉಳಿದ ಹನ್ನೊಂದು ಮಂದಿಯೂ ಇಪ್ಪತ್ತೆರಡು ಅಂಕದ ಒಂದು ಪ್ಯಾಕ್ ತೆಗೆದುಕೊಂಡರು. ಬರೀ ಡೇಟಾ. ವಾಟ್ಸಾಪ್‌ನಲ್ಲಿ ಮನೆಯವರನ್ನು ನೋಡಬಹುದು, ಮೊಮ್ಮಕ್ಕಳಿಗೆ ಫೋಟೋ ಕಳಿಸಬಹುದು. ಇನ್ನೇನು ಬೇಕು?

ನಾನು ಮಾತ್ರ ಹದಿನಾಲ್ಕು ಅಂಕದ್ದನ್ನು ತೆಗೆದುಕೊಂಡೆ. ಅದು ದುಬಾರಿ, ಡೇಟಾ ಕಡಿಮೆ. ಆದರೆ ಅದರ ಜೊತೆ ಒಂದು ಹೊಸ ಫೋನ್ ನಂಬರೂ, ಮಾತಾಡಲು ಅರವತ್ತು ನಿಮಿಷವೂ ಬರುತ್ತದೆ. ನಿಖತ್ ಟೀಚರ್ ಹುಬ್ಬು ಗಂಟಿಕ್ಕಿ, "ಅರವತ್ತು ನಿಮಿಷ ಯಾರಿಗ್ರಿ ಮಾತಾಡ್ತೀರಿ? ನಾವೆಲ್ಲ ಜೊತಿಗೇ ಇರ್ತೀವಲ್ಲ" ಅಂದರು. ಅವರು ಕೆಟ್ಟದ್ದಕ್ಕೆ ಕೇಳಿದ್ದಲ್ಲ. "ಒಬ್ಬರು ಇದ್ದಾರೆ" ಎಂದಷ್ಟೇ ಹೇಳಿದೆ.

ಇದನ್ನೆಲ್ಲ ಕೊಂಡಿದ್ದು ದಾವಣಗೆರೆಯಲ್ಲಿ, ನಿಮ್ಮ ಪಿ.ಜೆ. ಬಡಾವಣೆಯ ನಾಗಭೂಷಣ್ ಅವರ ಅಂಗಡಿಯಲ್ಲಿ. ಹರಿಹರದಲ್ಲಿ ಮೊಬೈಲ್ ಅಂಗಡಿಗಳಿಗೆ ಬರವಿಲ್ಲ. ನಿಜ ಹೇಳುತ್ತೇನೆ, ಅದು ನಿನ್ನ ಮನೆಯ ಹಿಂದಿನ ರಸ್ತೆಯಲ್ಲಿದೆ ಎಂದೇ ಅಲ್ಲಿಗೆ ಹೋಗಿದ್ದು. ಹೋಗುವಾಗ ನಿನ್ನ ರಸ್ತೆಯಲ್ಲೇ ನಡೆದೆ. ಗೇಟಿನ ಹತ್ತಿರ ನಿನ್ನ ಸ್ಕೂಟಿ ನಿಂತಿತ್ತು, ಮಹಡಿಯ ಮೇಲೆ ಕೀರ್ತನಾಳ ಬಟ್ಟೆ ಒಣಗುತ್ತಿತ್ತು. ಒಗ್ಗರಣೆಗೆ ಬೆಳ್ಳುಳ್ಳಿ ಹಾಕಿದ ವಾಸನೆ ಬೀದಿಗೂ ಬರುತ್ತಿತ್ತು. ಎದುರು ಮನೆಯ ಅಜ್ಜಿ "ಯಾರ್ ಬೇಕಾಗಿತ್ತವ್ವಾ?" ಎಂದು ಕೇಳಿದರು. "ಯಾರೂ ಇಲ್ಲ ಬಿಡ್ರಿ, ದಾರಿ ತಪ್ಪೈತೆ" ಎಂದು ಹೇಳಿ ಮುಂದೆ ಹೋದೆ. ಆ ರಸ್ತೆಯಲ್ಲಿ ನನಗೆ ದಾರಿ ತಪ್ಪುವುದುಂಟೇ? ನಿನ್ನ ಗೃಹಪ್ರವೇಶಕ್ಕೆ ಹಾಲು ಉಕ್ಕಿಸಿದವಳೇ ನಾನು.

ನಾಗಭೂಷಣ್ ಒಳ್ಳೆಯ ಮನುಷ್ಯ, ನನಗಿಂತ ಐದಾರು ವರ್ಷ ಚಿಕ್ಕವರಿರಬೇಕು. ಚೌಕದ ಚಿತ್ರವನ್ನು ಕಾಗದದ ಮೇಲೆ ತೆಗೆದುಕೊಟ್ಟು, "ಮನಿಗೆ ಹೋಗಿ, ಹೊರಡೋ ಹಿಂದಿನ ದಿನ ಇದಕ್ಕೆ ಕ್ಯಾಮೆರಾ ಹಿಡೀರಿ, ಅಷ್ಟೇ" ಅಂದರು. ನಾನು ಅದನ್ನು ತಂದು ದೇವರ ಮುಂದೆ, ಅವ್ವನ ಫೋಟೋ ಪಕ್ಕದಲ್ಲಿ ಇಟ್ಟೆ. ಹೊಸದು ಯಾವುದೇ ಮನೆಗೆ ಬಂದರೂ ಅವ್ವ ಸುಮ್ಮನೆ ಬಿಡುತ್ತಿದ್ದಳೇ? ನನ್ನ ಹೊಲಿಗೆ ಮಿಷನ್ನು, ನಿನ್ನ ಹಾಲ್ ಟಿಕೆಟ್ಟು, ಮದುವೆ ಪತ್ರಿಕೆ, ಎಲ್ಲದರ ನಾಲ್ಕು ಮೂಲೆಗೂ ಅರಿಶಿನ ಕುಂಕುಮ ಬೀಳಲೇಬೇಕು. ನಾನೂ ಹಾಗೇ ಮಾಡಿದೆ. ನೀರು ಸ್ವಲ್ಪ ಜಾಸ್ತಿಯಾಗಿತ್ತು. ಚೌಕದ ಮೂಲೆಗಳಿಗೆ ಕುಂಕುಮ ಧಾರಾಳವಾಗಿ ಹತ್ತಿತು.

ಸುಮ್ಮನಿರಲಾರದೆ ಮೊನ್ನೆ ಒಂದು ಸಲ ನೋಡೋಣವೆಂದು ಕ್ಯಾಮೆರಾ ಹಿಡಿದರೆ ಫೋನು ಏನನ್ನೂ ಗುರುತಿಸಲಿಲ್ಲ. ಬೆಳಕಿಗೆ ಹಿಡಿದೆ, ಒರೆಸಿದೆ, ಇನ್ನಷ್ಟು ಕೆಂಪಾಯಿತು. ಮತ್ತೆ ದಾವಣಗೆರೆ ಬಸ್ಸು ಹತ್ತಿದೆ. ನಾಗಭೂಷಣ್ ಆ ಕಾಗದ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕರು. "ಟೀಚರಮ್ಮ, ಇದೇನ್ರಿ, ಸಿಮ್ಮಿಗೆ ಪೂಜೆ ಮಾಡೀರಿ? ಈ ಮೂಲಿ ಗುರುತು ಕಾಣ್ದಿದ್ರೆ ಅದು ಹೆಂಗೆ ಓದ್ಬೇಕ್ರಿ?"

"ನಮ್ಮವ್ವನ ಪದ್ಧತಿ ಕಣ್ರಿ" ಎಂದೆ.

ಅವರು ನಗು ನಿಲ್ಲಿಸಿ ನನ್ನ ಮುಖ ನೋಡಿದರು. "ಹಂಗಾರೆ ನೀವು ಹಿಂದಿನ ರಸ್ತಿ ರೇವತಿ ಮೇಡಂ ಅವರ ಅಕ್ಕ ಏನ್ರಿ? ಅವರ ಪಾಸ್‌ಪೋರ್ಟ್ ಮೂಲಿಗೂ ಹಿಂಗೇ ಕುಂಕುಮ ಇತ್ತು. ದುಬೈಗೆ ಹೋಗೋವಾಗ ಅವರೂ ಇಂಥದೇ ನಂಬರ್ ಬರೋ ಪ್ಯಾಕ್ ತಗೊಂಡಿದ್ರು. ಅಲ್ಲಿ ವಾಟ್ಸಾಪ್ ಕಾಲ್ ನಡಿಯಂಗಿಲ್ಲ ಅಂತ ನಾನೇ ಹೇಳಿದ್ದೆ. ‘ಕಮ್ಮೀದು ಬ್ಯಾಡ್ರಿ, ನಮ್ಮವ್ವಗೆ ಹುಷಾರಿಲ್ಲ, ಅಕ್ಕ ಫೋನ್ ಮಾಡಿದ್ರೆ ನಾ ಸಿಗ್ಲೇಬೇಕು’ ಅಂದಿದ್ರು."

ನಾನು ಅಲ್ಲೇ ಸ್ಟೂಲಿನ ಮೇಲೆ ಕೂತುಬಿಟ್ಟೆ. ಅವರು ಹೊಸದಾಗಿ ಚಿತ್ರ ತೆಗೆದು, ತಾವೇ ನನ್ನ ಫೋನಿಗೆ ಸಿಮ್ ಹಾಕಿಕೊಟ್ಟರು, ಕುಡಿಯಲು ನೀರೂ ಕೊಟ್ಟರು.

ನಿನಗೆ ನೆನಪಿದೆಯಲ್ಲ, ದುಬೈಗೆ ಹೊರಡುವ ಹಿಂದಿನ ದಿನ ನೀನು ಬಂದು ಅಡುಗೆಮನೆಯ ಕ್ಯಾಲೆಂಡರಿನ ಮೇಲೆ ಆ ದುಬೈ ನಂಬರನ್ನು ದಪ್ಪಗೆ ಬರೆದಿದ್ದೆ. "ಮನೆಯವರದ್ದು, ಕೀರ್ತನಾದು ಫೋನ್ ಬಂದ್ ಇರ್ತವೆ ಅಕ್ಕಾ, ಇದಕ್ಕೇ ಮಾಡು. ನಿನ್ ಫೋನ್ ಬರ್ಲಿಲ್ಲ ಅಂದ್ರೆ ಅವ್ವ ಆರಾಮ್ ಅದಾಳೆ ಅಂದ್ಕೊಂತೀನಿ" ಅಂದಿದ್ದೆ. ನೀನು ಹೋಗುವುದಿಲ್ಲ ಎಂದು ಕೂತಿದ್ದವಳು. ಅವ್ವನೇ, "ಹೋಗಿ ಬಾರವ್ವ, ನನಗೇನಾಗೈತೆ" ಎಂದು ಬೈದು ಕಳಿಸಿದ್ದಳು. ನಾಲ್ಕನೇ ದಿನ ಹೋಗಿಬಿಟ್ಟಳು. ನೀನು ಪ್ರವಾಸ ಮುಗಿಸಿ ಏರ್‌ಪೋರ್ಟಿನಿಂದ ಬರುವಷ್ಟರಲ್ಲಿ ನಮ್ಮೂರು ಲೋಕಿಕೆರೆಯ ಹೊಲದಲ್ಲಿ ಅವ್ವನನ್ನು ಮಣ್ಣು ಮಾಡಿ ಎರಡು ದಿನವಾಗಿತ್ತು. ಬಂಧುಗಳ ಎದುರಿಗೆ ನಾನು, "ಎಷ್ಟು ಸಲ ಮಾಡಿದೆ, ನಿನ್ನ ಫೋನ್ ಸಿಗಲಿಲ್ಲ ಕಣೇ" ಅಂದೆ. ನೀನು ನನ್ನ ಮುಖ ನೋಡಿದೆ, ಆ ಕ್ಯಾಲೆಂಡರ್ ನೋಡಿದೆ. ಆ ಕ್ಯಾಲೆಂಡರ್ ಇನ್ನೂ ಅದೇ ಮೊಳೆಯಲ್ಲಿದೆ. ಒಂದು ಹೊಸ ವರ್ಷ ಬಂದು ಇನ್ನೊಂದು ಹತ್ತಿರವಾದರೂ ಆ ಜನವರಿ ತಿಂಗಳನ್ನು ಹರಿಯಲು ನನ್ನ ಕೈ ಬಂದಿಲ್ಲ.

ಪ್ರಯಾಣದ ಫಾರಂನಲ್ಲಿ ‘ತುರ್ತಿಗೆ ಯಾರನ್ನು ಸಂಪರ್ಕಿಸಬೇಕು’ ಎಂಬ ಜಾಗವಿತ್ತು. ಹನ್ನೊಂದು ಮಂದಿ ಅರ್ಧ ನಿಮಿಷದಲ್ಲಿ ತುಂಬಿದರು. ನಾನು ನಿನ್ನ ಹೆಸರು ಬರೆದೆ, ಸಂಬಂಧ ತಂಗಿ ಎಂದು ಬರೆದೆ. ನಿನ್ನನ್ನು ಕೇಳದೆ ಬರೆದದ್ದಕ್ಕೆ ಬೇಸರ ಮಾಡಿಕೊಳ್ಳಬೇಡ. ನನಗೆ ಬೇರೆ ಹೆಸರು ಹೊಳೆಯಲಿಲ್ಲ.

ಮನೆ ಕೀಲಿಯನ್ನು ಪಕ್ಕದ ಕಮಲಕ್ಕನ ಹತ್ತಿರ ಕೊಟ್ಟಿರುತ್ತೇನೆ. ವಿಜಯಕುಮಾರ್ ಅವರಿಗೆ ನನ್ನ ನಮಸ್ಕಾರ ಹೇಳು. ಕೀರ್ತನಾ ಚೆನ್ನಾಗಿ ಓದಲಿ, ಚೆನ್ನಾಗಿ ಉಣ್ಣಲಿ. ನಿನ್ನ ಸಂಸಾರ ತಣ್ಣಗಿರಲಿ, ನಿನ್ನ ಮೈಗೆ ಒಂದು ಮುಳ್ಳೂ ತಾಗದಿರಲಿ ಎಂದು ಹರಿಹರೇಶ್ವರನಲ್ಲಿ ದಿನಾ ಕೇಳಿಕೊಳ್ಳುವ,

ನಿನ್ನ ಅಕ್ಕ,
ಅಂಬಿಕಾ

ಮರೆತ ಮಾತು: ಮರೆತದ್ದಲ್ಲ ರೇವತಿ. ಮೇಲೆ ಬರೆಯಲು ಧೈರ್ಯ ಸಾಲಲಿಲ್ಲ.

ನಾಗಭೂಷಣ್ ಇನ್ನೊಂದು ಮಾತು ಹೇಳಿದರು. "ದುಬೈಯಿಂದ ಬಂದ್ಮ್ಯಾಗೆ ಮೇಡಂ ಮತ್ತೆ ಬಂದಿದ್ರು ರಿ. ಯಾಕ ಕೆಲಸ ಮಾಡ್ಲಿಲ್ಲ ನೋಡ್ರಿ ಅಂದ್ರು. ನೋಡಿದೆ, ಸಿಮ್ ಸರೀಗಿತ್ತು. ಅರವತ್ತು ನಿಮಿಷ ಹಂಗೇ ಉಳದಿದ್ವು. ಒಂದು ಕಾಲೂ ಬಂದಿಲ್ಲ, ಮಿಸ್ಡ್ ಕಾಲೂ ಇಲ್ಲ. ಫೋನ್ ಇಸ್ಕೊಂಡು ಹೊರಟೋದ್ರು" ಅಂದರು. ಅಂದರೆ ನಿನಗೆ ಆವತ್ತೇ ಗೊತ್ತಿತ್ತು. ಆದರೂ ಒಬ್ಬ ಬಂಧುವಿನ ಹತ್ತಿರವೂ ನೀನು ಬಾಯಿ ಬಿಡಲಿಲ್ಲ. ನನ್ನ ಸುಳ್ಳನ್ನು ಇಷ್ಟು ದಿನ ನೀನೇ ಕಾಪಾಡಿದೆ.

ನಾನು ಫೋನ್ ಮಾಡಲೇ ಇಲ್ಲ. "ನಾನು ರೇವತಿಗೆ ಹೇಳ್ತೀನಿ" ಎಂದು ಉಳಿದವರ ಬಾಯನ್ನೂ ಮುಚ್ಚಿಸಿದೆ. ಆ ಮೂರು ದಿನ ಅವ್ವ ಕಣ್ಣು ಬಿಟ್ಟಾಗಲೆಲ್ಲ "ರೇವತಿ ಬಂದ್ಲೇನು?" ಎಂದು ಕೇಳುತ್ತಿದ್ದಳು. ಒಂಬತ್ತು ವರ್ಷ ಮೀಸಿ, ಉಣಿಸಿ, ಮಗ್ಗುಲು ಬದಲಿಸಿದವಳು ನಾನು. ಕೈಯಲ್ಲಿ ಫೋನ್ ಹಿಡಿದು ಆ ಕ್ಯಾಲೆಂಡರಿನ ಮುಂದೆ ನಿಂತೆ. ಒಂದೇ ಒಂದು ಸಲ ನನ್ನ ಹೆಸರು ಕರೆಯಲಿ, ಆಮೇಲೆ ಮಾಡೋಣ ಎಂದು ಕಾದೆ. ಅವ್ವ ಕರೆಯಲಿಲ್ಲ.

ಹದಿನಾಲ್ಕನೇ ತಾರೀಕು ಶುಕ್ರವಾರ, ನಮ್ಮ ಸಂಜೆ ಆರಕ್ಕೆ, ನಿನ್ನ ಫೋನಿಗೆ ಒಂದು ಹೊರದೇಶದ ನಂಬರಿನಿಂದ ಕರೆ ಬರುತ್ತದೆ. ಆ ನಂಬರ್ ನೀನು ಬ್ಲಾಕ್ ಮಾಡಿಲ್ಲ. ಯಾರೆಂದು ತಿಳಿಯದೆ ನೀನು "ಹಲೋ" ಅನ್ನುತ್ತೀಯ, ಅಷ್ಟು ಕೇಳಿ ಇಟ್ಟುಬಿಡೋಣ ಎಂದೇ ಹದಿನಾಲ್ಕು ಅಂಕದ ಪ್ಯಾಕ್ ಕೊಂಡಿದ್ದೆ. ನಾಗಭೂಷಣ್ ಅಂಗಡಿಯಿಂದ ಎದ್ದು ಬಂದ ಮೇಲೆ ಹಾಗೆ ಕದ್ದು ನಿನ್ನ ದನಿ ಕೇಳುವುದು ಬೇಡವೆನಿಸಿತು. ಅದಕ್ಕೇ ಮುಂಚೆಯೇ ತಿಳಿಸುತ್ತಿದ್ದೇನೆ. ಬೇಡವಾದರೆ ಎತ್ತಬೇಡ. ಯಾರಾದರೂ ಕೇಳಿದರೆ ತಂಗಿಯ ಫೋನ್ ಸಿಗಲಿಲ್ಲ ಎಂದು ನಾನು ಹೇಳುವುದಿಲ್ಲ.

ಈ ಸಲ ನಿಜವಾಗಿಯೂ ಮಾಡುತ್ತೇನೆ, ರೇವತಿ.